ಸಾಬಮ್ಮನ ಫೋನಿನಲ್ಲಿ ಕಾಣದ ಬಟನ್

ತನ್ನ ಕೆಲಸ ಏನೆಂದು ಓಣಿಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ಆಳಂದದ ಗುಲನಾಜಳಿಗೆ ಸಾಕುಸಾಕಾಗುತ್ತಿತ್ತು. ಯಾರೋ ಬಿಡಿಸಿದ ವೆಬ್‌ಸೈಟಿನ ಚಿತ್ರ ಬರುತ್ತದೆ. ಕೋಡ್ ಬರೆದು ಅದನ್ನು ನಿಜವಾದ ಪುಟ ಮಾಡಬೇಕು. ಅದು ಕಂಪ್ಯೂಟರಿಗೂ ಅಂಗೈಯಗಲದ ಫೋನಿಗೂ ಹೊಂದಿಕೊಳ್ಳಬೇಕು. ಇಷ್ಟೇ. ಈ ಇಷ್ಟನ್ನು ಕಲಿಯಲು ಅವಳಿಗೆ ಎರಡು ವರ್ಷ ಹಿಡಿದಿತ್ತು.

ಕಲಬುರಗಿಯ ಕಂಪನಿಯೊಂದು ಅವಳನ್ನು ಪರೀಕ್ಷಿಸಲು ಒಂದು ಕೆಲಸ ಕೊಟ್ಟಿತು: ಕಣ್ಣಿನ ಪೊರೆ ತೆಗೆಸುವ ಶಿಬಿರಕ್ಕೆ ಹೆಸರು ಬರೆಸುವ ಪುಟ. ಅಲ್ಲಿ ಬರೆಸಿದ ಹೆಸರು ನೇರ ಕಂಪನಿಯ ಪಟ್ಟಿಗೆ ಸೇರಬೇಕು. ಸಂಜೆ ಐದರೊಳಗೆ ಒಪ್ಪಿಸಿದರೆ ಮನೆಯಲ್ಲೇ ಕುಳಿತು ಮಾಡುವ ಕಾಯಂ ನೌಕರಿ, ಇಲ್ಲವಾದರೆ ಇಲ್ಲ. ಹನ್ನೆರಡಕ್ಕೇ ಮುಗಿಸಿಬಿಟ್ಟಳು ಹುಡುಗಿ. ಚಿತ್ರಕ್ಕೂ ಪುಟಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಜಂಬ ಬರದೆ ಇರುತ್ತದೆಯೇ? ಪಕ್ಕದ ಮನೆಯ ಮುದುಕಿ ಸಾಬಮ್ಮನಿಗೆ ತೋರಿಸಲು ಓಡಿದಳು. ಆಕೆಯ ಕಣ್ಣಿಗೂ ಪೊರೆ ಬಂದಿತ್ತು.

ಸಾಬಮ್ಮ ತನ್ನ ಫೋನಿನಲ್ಲಿ ಪುಟ ತೆರೆದು ಬಹಳ ಹೊತ್ತು ತಡಕಾಡಿದಳು.

"ಹೆಸರು ಬರದ ಮ್ಯಾಗ ಎಲ್ಲಿ ಒತ್ತಬೇಕ ಬೇ?"

"ಕೆಳಗ ಹಸರ ಬಟನ್ ಅದಲ್ಲ ಆಯಿ."

"ಕಾಣವಲ್ದು. ನನ್ನ ಕಣ್ಣೇ ಖರಾಬ್ ಆಗ್ಯಾವ, ಬಿಡವ್ವ."

ಗುಲನಾಜ ಫೋನು ಇಸಿದುಕೊಂಡು ನೋಡಿದಳು. ಬಟನ್ ನಿಜವಾಗಿಯೂ ಇರಲಿಲ್ಲ. ಆ ಫೋನಿನಲ್ಲಿ ಅಕ್ಷರದ ಗಾತ್ರವನ್ನು ಎಲ್ಲಕ್ಕಿಂತ ದೊಡ್ಡದಕ್ಕೆ ಇಟ್ಟಿತ್ತು. ಇವಳೋ ಚಿತ್ರದ ಅಳತೆ ಹಿಡಿದು ಪ್ರತಿ ಚೌಕಟ್ಟಿನ ಎತ್ತರವನ್ನೂ ಕಟ್ಟುನಿಟ್ಟಾಗಿ ಬರೆದಿದ್ದಳು. ಅಕ್ಷರ ಉಬ್ಬಿ ಬಟನ್ನನ್ನು ಚೌಕಟ್ಟಿನಾಚೆ ತಳ್ಳಿಬಿಟ್ಟಿತ್ತು. ಅಕ್ಷರ ದೊಡ್ಡದು ಮಾಡಿದವರಾದರೂ ಯಾರು? ಇವಳೇ. ಹೋದ ರಂಜಾನಿನಲ್ಲಿ ಓಣಿಯ ಮುದುಕಿಯರನ್ನೆಲ್ಲ ಸಾಲಾಗಿ ಕೂರಿಸಿಕೊಂಡು ಮಾಡಿಕೊಟ್ಟಿದ್ದಳು. ಅದನ್ನೇ ಮರೆತ ಜಾಣೆಗೆ ಏನು ಹೇಳೋಣ.

"ನಿನ್ನ ಕಣ್ಣಿಂದಲ್ಲ ಆಯಿ, ತಪ್ಪು ನಂದು," ಎಂದಳು.

ಹಾಗೇ ಕಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಪುಟ ಬೇಕಾದವರೇ ಕಣ್ಣು ಮಂಜಾದವರು. ಕಂಪನಿಯ ನಾಗರತ್ನಾ ಮೇಡಂಗೆ ಫೋನು ಹಚ್ಚಿದಳು. "ಐದಕ್ಕ ಕೊಡಲಾಕ ಆಗಂಗಿಲ್ರಿ ಮೇಡಂ. ದೊಡ್ಡ ಅಕ್ಷರ ಇಟ್ಕೊಂಡವರಿಗೆ ಬಟನ್ನೇ ಕಾಣಂಗಿಲ್ಲ. ನಾಳೆ ಮುಂಜಾನಿ ತನಕ ಟೈಮ್ ಕೊಡ್ರಿ."

"ನೋಡೋಣ," ಎಂದಷ್ಟೇ ಹೇಳಿ ಅವರು ಫೋನಿಟ್ಟರು. ನೌಕರಿ ಹೋಯಿತೆಂದೇ ಗುಲನಾಜ ತಿಳಿದಳು. ಅಳು ಬಂತು. ಆದರೂ ಕುಳಿತು, ಬರೆದ ಎತ್ತರಗಳನ್ನೆಲ್ಲ ಅಳಿಸಿ, ಅಕ್ಷರ ಬೆಳೆದಂತೆ ಚೌಕಟ್ಟೂ ಬೆಳೆಯುವ ಹಾಗೆ ತಿದ್ದಿದಳು.

ಮುಂಜಾನೆ ಮೊದಲು ಸಾಬಮ್ಮನ ಕೈಗೇ ಕೊಟ್ಟಳು. ಮುದುಕಿ ಒಂದೊಂದೇ ಅಕ್ಷರ ಒತ್ತಿ ಹೆಸರು ಬರೆದು, ಹಸಿರು ಬಟನ್ ಒತ್ತಿದಳು. "ಯಾರನ್ನೂ ಕೇಳ್ದ ನಾನೇ ಬರಸ್ಕೊಂಡೆ," ಎಂದು ನಕ್ಕಳು. ಗುಲನಾಜ ಆಮೇಲೆ ಕಂಪನಿಗೆ ಕಳಿಸಿದಳು.

ಮಧ್ಯಾಹ್ನ ನಾಗರತ್ನಾ ಮೇಡಂ ಫೋನು ಮಾಡಿದರು. "ತಡ ಆದ್ರೂ ಅಡ್ಡಿಯಿಲ್ಲ, ನೀವು ಹಿಡಿದ ತಪ್ಪು ನಮಗೂ ಕಂಡಿರಲಿಲ್ಲ. ಸೋಮವಾರದಿಂದ ಕೆಲಸ ಸುರು ಮಾಡ್ರಿ. ಅಂದಂಗ, ಪಟ್ಟಿಯೊಳಗ ಮೊದಲನೇ ಹೆಸರು ಸಾಬಮ್ಮ ಅಂತ ಬಂದದ. ಯಾರವರು?"

ಗುಲನಾಜ ಪಕ್ಕದ ಮನೆಯ ಕಡೆ ನೋಡಿದಳು.

"ನನಗ ಈ ನೌಕರಿ ಕೊಡಿಸಿದವರ್ರಿ, ಮೇಡಂ."