ಬರಿಗಾಲಿನ ಪ್ರಯಾಣಿಕ

ಪ್ರಯಾಣಿಕರ ಅಭಿಪ್ರಾಯಗಳನ್ನು ಕಾಕ್‌ಪಿಟ್‌ಗೆ ತರಬಾರದೆಂದು ಸಿಬ್ಬಂದಿಗೆ ಹೇಳಿಯೇ ವಿಮಾನ ಹತ್ತುವ ಪೈಲಟ್ ನಾನು. ಆ ಮಧ್ಯಾಹ್ನ ಬೆಂಗಳೂರಿನಲ್ಲಿ ಇಳಿಯಲು ಸರದಿ ಕಾಯುತ್ತಾ ಗುಬ್ಬಿ ಪಟ್ಟಣದ ಮೇಲೆ ಸುತ್ತುತ್ತಿದ್ದೆವು. ಗಗನಸಖಿ ಇಂಟರ್‌ಕಾಮ್‌ನಲ್ಲಿ ಹಿಂಜರಿಯುತ್ತಲೇ ಹೇಳಿದಳು: “ಸರ್, ಹುಲಿಯೂರುದುರ್ಗದವರೊಬ್ಬರಿದಾರೆ, ಜೆಸಿಬಿ ಓಡಿಸ್ತಾರಂತೆ. ಚಪ್ಪಲಿ ಬಿಟ್ಟು ನೆಲಕ್ಕೆ ಪಾದ ಊರ್ಕೊಂಡು ಕೂತಿದಾರೆ. ‘ಎಣ್ಣೆ ಹೋಯ್ತಾ ಐತೆ, ನಿಮ್ ಡ್ರೈವರ್‌ಗೆ ಹೇಳವ್ವ’ ಅಂತಿದಾರೆ.”

ಚಕ್ರ, ಬ್ರೇಕುಗಳನ್ನು ನಡೆಸುವ ಹೈಡ್ರಾಲಿಕ್ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ನೋಡಿದೆ. ಸರಿಯಾಗಿಯೇ ಇತ್ತು. “ಬೆಲ್ಟ್ ಹಾಕ್ಕೊಳ್ಳೋಕೆ ಹೇಳಿ,” ಎಂದೆ.

ಆರು ನಿಮಿಷದ ನಂತರ ಅದೇ ಮುಳ್ಳು ಸೊನ್ನೆಗೆ ಇಳಿಯಿತು.

ಸಹಪೈಲಟ್ ಚೆಕ್‌ಲಿಸ್ಟ್ ಓದುತ್ತಾ ಹೋದ, ನಾನು ಮಾಡುತ್ತಾ ಹೋದೆ. ಚಕ್ರಗಳು ಈಗ ತಮ್ಮ ಭಾರಕ್ಕೇ ಕೆಳಗೆ ಬೀಳಬೇಕಿತ್ತು. ಇಳಿದು ಗಟ್ಟಿಯಾಗಿ ಕೂತ ಚಕ್ರಕ್ಕೊಂದರಂತೆ ಎರಡು ಹಸಿರು ದೀಪ ಹತ್ತಿದವು. ಮೂರನೆಯದು ಹತ್ತಲಿಲ್ಲ. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಕೊನೆಗೆ ನಾನೇ ಇಂಟರ್‌ಕಾಮ್ ಒತ್ತಿದೆ.

“ಅವರು ಈಗ ಏನಂತಾರೆ?”

“ಈಗಷ್ಟೇ ಚಪ್ಪಲಿ ಹಾಕ್ಕೊಂಡ್ರು ಸರ್.”

ಅವಳ ಮಾತು ಮುಗಿಯುವಷ್ಟರಲ್ಲಿ ಮೂರನೆಯ ದೀಪ ಹತ್ತಿತು.

ಇಳಿದ ಮೇಲೆ ಬಾಗಿಲಲ್ಲಿ ನಿಂತು, ಹೇಗೆ ಗೊತ್ತಾಯಿತೆಂದು ಆ ಮನುಷ್ಯನನ್ನು ಕೇಳಿದೆ. ಅವರು ನನ್ನ ಬೂಟುಗಳನ್ನು ಒಂದು ಕ್ಷಣ ನೋಡಿದರು. “ನಿಮ್ಗೆ ಗೊತ್ತಾಗ್ಲಿಲ್ವಾ ಸಾ?” ಎಂದು ಹೊರಟರು.

ವರದಿಯಲ್ಲಿ ‘ಮೊದಲ ಸೂಚನೆ ಬಂದದ್ದು ಎಲ್ಲಿಂದ’ ಎಂಬ ಕಾಲಂನಲ್ಲಿ ಸುಳ್ಳು ಬರೆಯಲಾರದೆ ‘ಪ್ರಯಾಣಿಕರೊಬ್ಬರ ಪಾದ’ ಎಂದು ಬರೆದೆ. ಎಡವೋ ಬಲವೋ ಸ್ಪಷ್ಟಪಡಿಸಿ ಎಂದು ಕಚೇರಿಯಿಂದ ಪತ್ರ ಬಂದಿದೆ. ಅದನ್ನು ಅವರಲ್ಲಿ ಕೇಳದೆ ಬಿಟ್ಟದ್ದು ನನ್ನದೇ ತಪ್ಪು.