ನೀರಿಗೆ ಬಿದ್ದ ಹಲ್ಲಿನ ಚಕ್ರ

ಇವತ್ತು ಬೆಂಗೇರಿಯ ಗ್ಯಾರೇಜೊಂದರ ಮುಂದೆ ಸುಟ್ಟ ಎಣ್ಣೆಯ ವಾಸನೆ ಬಂತು. ತೊಂಬತ್ತು ದಾಟಿದ ನನಗೆ ಅದು ಅಪ್ಪನ ಅಂಗಿಯ ವಾಸನೆ.

ಅಪ್ಪ ಹುಬ್ಬಳ್ಳಿಯ ಹತ್ತಿ ಗಿರಣಿಯಲ್ಲಿ ಕಮ್ಮಾರ. ಯಂತ್ರದ ಹಲ್ಲಿನ ಚಕ್ರವನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಿದ್ದ. ಆಮೇಲೆ ಪೆಡಸು ಹೋಗಲೆಂದು ಸಣ್ಣ ಉರಿಯಲ್ಲಿ ಮತ್ತೆ ಕಾಯಿಸಿ, ಉಕ್ಕು ಒಣ ಜೋಳದ ದಂಟಿನ ಬಣ್ಣಕ್ಕೆ ಬರುವವರೆಗೆ ಕಾದು ಕೂರುತ್ತಿದ್ದ. ನಾನು ಬುತ್ತಿ ಒಯ್ದ ಒಂದು ದಿನ ಮ್ಯಾನೇಜರನಿಗೆ ಅವಸರ.

"ನೀರಾಗ ಹಾಕು, ಲಗೂ ಆಗತೈತಿ."

"ಈ ಉಕ್ಕು ನೀರಾಗ ಸೀಳತೈತ್ರಿ."

"ನನಗ ಕಲಸ್ತಿಯೇನಲೇ?"

ಕೆಂಪಗಿದ್ದ ಚಕ್ರವನ್ನು ಅವನೇ ನೀರಿಗೆ ತಳ್ಳಿದ. ಆರಿದ ಮೇಲೆ ಅದಕ್ಕೆ ಅರ ಉಜ್ಜಿ ನೋಡಿದ; ಉಕ್ಕು ಸವೆಯದೆ ಅರವೇ ಜಾರಿತು.

"ನೋಡು, ಹೆಂಗ ಗಟ್ಟಿ ಆಗೇತಿ!"

ಅಪ್ಪ ಚಕ್ರವನ್ನೆತ್ತಿ ಕಲ್ಲಿನ ನೆಲಕ್ಕೆ ಬಿಟ್ಟ. ಮೂರು ಹಲ್ಲು ಸಿಡಿದವು.

"ಯಂತ್ರದಾಗ ಸಿಡಿದಿದ್ರ ನಮ್ಮ ಮಂದಿ ಕಣ್ಣು ಹೋಗತಿದ್ದವು. ಇಂಥಾದ್ದು ನಾ ಕೂಡಸೂದಿಲ್ರಿ."

"ನಾಳಿಂದ ಬರಬ್ಯಾಡ."

ಅಪ್ಪ ಸಿಡಿದ ಹಲ್ಲೊಂದನ್ನು ನನ್ನ ಅಂಗೈಗಿಟ್ಟ. "ಇಟ್ಗೋ ಮಗಳ. ಅಪ್ಪನ ನೌಕರಿ ಯಾಕ ಹೋತು ಅಂತ ಕೇಳಿದವರಿಗೆ ಇದನ್ನ ತೋರಸು."

ಕೇಳುವವರೆಲ್ಲ ಸತ್ತುಹೋದರು. ಆದರೂ ಆ ಉಕ್ಕಿನ ಹಲ್ಲಿನ ಫೋಟೋ ಇಲ್ಲಿ ಹಾಕಿದ್ದೇನೆ, ನೋಡಿ.