ಎರಡನೇ ಭಾಗದ ಪರ ವಕೀಲೆ

ತೋಕಿಕೊ ಉರಾನೊಳ ಅಂಗಡಿಗೆ ಬುಧವಾರ ರಜೆ. ಆದರೂ ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಬಾಗಿಲು ಅರ್ಧ ಸರಿದಿರುತ್ತದೆ, ಒಳಗೆ ಕಾವಲಿ ಕಾದಿರುತ್ತದೆ. ಒಸಾಕಾದ ಮೂಲೆಮೂಲೆಯಿಂದ ಒಂದಿಷ್ಟು ಜನ ಬಂದು ಕೂರುತ್ತಾರೆ. ಎಲ್ಲರೂ ಬೆಳೆದು ದೊಡ್ಡವರಾದವರು, ಮನೆ ಮಠ ಇರುವವರು. ಬರುವುದು ಮಾತ್ರ ಒಂದು ವಿಡಿಯೊ ಗೇಮ್ ಬಗ್ಗೆ ಜಗಳ ಆಡುವುದಕ್ಕೆ.

ಗೇಮ್ ಹೆಸರು ‘ಬಿಳಿ ಕೊಡೆಯ ವಕೀಲ’. ಆಡುವವರೇ ವಕೀಲರು. ನಿರಪರಾಧಿಯೊಬ್ಬ ಕೊಲೆ ಆಪಾದನೆ ಹೊತ್ತು ಕಟಕಟೆಯಲ್ಲಿ ನಿಂತಿರುತ್ತಾನೆ, ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಸುಳ್ಳು ಹೇಳುತ್ತಾರೆ. ಸುಳ್ಳು ಕಂಡ ಕೂಡಲೇ ಗುಂಡಿ ಒತ್ತಬೇಕು. ಆಗ ವಕೀಲ ತನ್ನ ಕೊಡೆಯನ್ನು ನೆಲಕ್ಕೆ ಕುಟ್ಟಿ ಸಾಕ್ಷಿಯ ನೀರಿಳಿಸುತ್ತಾನೆ. ಮೊದಲ ಭಾಗದಲ್ಲಿ ಆತ ಸೋತದ್ದೇ ಇಲ್ಲ.

ತೋಕಿಕೊ ಮದುವೆಯಾದವಳಲ್ಲ. ಸೋದರತ್ತೆಯ ಕೈಕೆಳಗೆ ಎಲೆಕೋಸು ಹೆಚ್ಚುತ್ತ ಬೆಳೆದಳು, ಅತ್ತೆ ಕಾಲುನೋವೆಂದು ಕೂತ ಮೇಲೆ ಅಂಗಡಿಯನ್ನು ತಾನೇ ನಡೆಸಿದಳು. ಕೋಸು, ಹಿಟ್ಟು, ಮೊಟ್ಟೆ ಕಲಸಿ ಹುಯ್ಯುವ ಒಕೊನೊಮಿಯಾಕಿ ರೊಟ್ಟಿಯನ್ನು ಮಗುಚುವಾಗ ಆಕೆಯ ಕೈ ನೋಡಬೇಕು, ಗಿರಾಕಿಗಳ ಕಾಲೆಳೆಯುವಾಗ ಬಾಯಿ ಕೇಳಬೇಕು. ಗೇಮ್ ಗೀಮ್ ಅಂದರೆ ಏನೆಂದೇ ತಿಳಿಯದ ಹೆಂಗಸು ಐವತ್ತು ದಾಟಿದ ಮೇಲೆ ಅದಕ್ಕೆ ಅಂಟಿಕೊಂಡದ್ದಕ್ಕೆ ಕಾರಣವಿತ್ತು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ.

ಮತದಾರರಲ್ಲಿ ಚೀಟಿ ಎತ್ತಿ, ಹೆಸರು ಬಂದವರನ್ನು ದೊಡ್ಡ ಅಪರಾಧಗಳ ವಿಚಾರಣೆಗೆ ನ್ಯಾಯಾಧೀಶರ ಪಕ್ಕದಲ್ಲೇ ಕೂರಿಸಿ ತೀರ್ಪಿಗೆ ಮತ ಹಾಕಿಸುವ ಪದ್ಧತಿ ಆ ದೇಶದಲ್ಲಿದೆ. ಒಂದು ವರ್ಷ ತೋಕಿಕೊಳ ಹೆಸರು ಬಂತು. ಅಂಗಡಿಗೆ ಬೀಗ ಹಾಕಿ ಹೋಗಿ ಕೂತಳು. ಬಾಡಿಗೆ ಮನೆಗೆ ಬೆಂಕಿ ಹಚ್ಚಿದನೆಂದು ಒಬ್ಬನ ಮೇಲೆ ಮೊಕದ್ದಮೆ. ಆತ ಕೊನೆಯವರೆಗೂ ‘ನಾನಲ್ಲ’ ಎಂದ. ಆಪಾದನೆ ಸಾಬೀತಾಯಿತು, ಜೈಲಿಗೆ ಹೋದ. ಒಳಕೋಣೆಯಲ್ಲಿ ಯಾರು ಏನೆಂದರು, ಯಾರು ಯಾವ ಕಡೆ ಕೈಯೆತ್ತಿದರು ಎಂಬುದನ್ನು ಮಾತ್ರ ಸಾಯುವ ತನಕ ಬಾಯಿಬಿಡಬಾರದೆಂದು ಕಾನೂನು. ತೋಕಿಕೊ ಆ ದಿನ ಏನೆಂದಳೋ ಇದನ್ನು ಬರೆಯುವವರಿಗೂ ಗೊತ್ತಿಲ್ಲ.

ಆಮೇಲೆ ಆಕೆಗೆ ನಿದ್ದೆ ಬರುತ್ತಿರಲಿಲ್ಲ. ನಿಪ್ಪೊಂಬಾಶಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಈ ಗೇಮ್ ಕಂಡು, ಕೋರ್ಟಿನ ಚಿತ್ರ ನೋಡಿಯೇ ಕೊಂಡು ತಂದಳು. ನಿರಪರಾಧಿಗಳನ್ನು ಒಬ್ಬೊಬ್ಬರಾಗಿ ಬಿಡಿಸಿದಳು. ಸ್ವಲ್ಪ ಹಗುರವಾಯಿತು. ಅಂಗಡಿಯ ಟಿವಿಯಲ್ಲಿ ಅದನ್ನು ಕಂಡ ಗಿರಾಕಿಗಳು ಕೂಡಿಕೊಂಡು ಈ ಬುಧವಾರದ ಬಳಗವಾಯಿತು.

ಬಳಗಕ್ಕೆ ತನ್ನದೇ ರಿವಾಜು. ಯಾವುದೇ ಗೇಮ್ ಬಗ್ಗೆ ಅಭಿಪ್ರಾಯ ಹೇಳಬೇಕಾದರೆ ಅದನ್ನು ಕಟಕಟೆಗೆ ಹತ್ತಿಸಬೇಕು. ಕಾಗದದ ಮೇಲೆ ಏಣಿಯ ಹಾಗೆ ಗೆರೆ ಎಳೆದು, ಬೆರಳು ಜಾರಿಸಿ ಮುಟ್ಟಿದ ತುದಿಯಲ್ಲಿ ಯಾವ ಪಾತ್ರ ಬರೆದಿದೆಯೋ ಅದೇ ಅವರ ಪಾಲಿಗೆ. ಒಬ್ಬರು ಬೈಯುವ ವಕೀಲರು, ಒಬ್ಬರು ಪರ ವಕೀಲರು, ಒಬ್ಬರು ಎಲ್ಲರ ಮತ ಎಣಿಸಿ ತೀರ್ಪು ಹೇಳುವ ನ್ಯಾಯಾಧೀಶರು. ಎಂಥ ದರಿದ್ರ ಗೇಮ್ ಆದರೂ ಪರವಾಗಿ ಒಬ್ಬರು ನಿಲ್ಲಲೇಬೇಕು, ಇಲ್ಲದಿದ್ದರೆ ತೀರ್ಪಿಲ್ಲ. ಇನ್ನೂ ಆಡಿ ಮುಗಿಸದವರು, ಗೇಮಿನ ಕೊನೆಯ ವಿಷಯ ಬಂದಾಗ ಎದ್ದು ಬೀದಿಗೆ ಹೋಗಬೇಕು. ತೋಕಿಕೊ ಏಣಿಗೆ ಬೆರಳಿಟ್ಟವಳಲ್ಲ. ಆಕೆಯ ಪಾತ್ರ ಕಾವಲಿಯದ್ದು.

ಎರಡನೇ ಭಾಗ ಬಂದದ್ದೇ ತಡ, ಊರೆಲ್ಲ ಹುಯಿಲೆದ್ದಿತು. ಅದರ ಕಡೇ ಮೊಕದ್ದಮೆಯಲ್ಲಿ ಕೊಡೆ ವಕೀಲ ಸೋಲುತ್ತಾನೆ. ಏನೇ ಮಾಡಿ, ಯಾವ ಸಾಕ್ಷ್ಯವನ್ನೇ ಕೊಡಿ, ನಿರಪರಾಧಿಗೆ ಶಿಕ್ಷೆ. ತೀರ್ಪು ಓದುವಾಗ ಕೊಡೆ ಕುಟ್ಟುವ ಗುಂಡಿ ತೆರೆಯ ಮೇಲೆ ಇರುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಆಡಿದವರ ಬೈಗುಳ ತಡೆಯಲಾರದೆ ತಯಾರಕರು ಅಭಿಪ್ರಾಯ ಕಳಿಸಿ ಎಂದು ಕೇಳಿಕೊಂಡರು. ಹೆಚ್ಚಿನವರು ಬೇಡವೆಂದರೆ ಅಪ್‌ಡೇಟ್ ಕೊಟ್ಟು ಕೊನೆಯನ್ನೇ ಬದಲಿಸುತ್ತಾರಂತೆ. ಹೆಸರಾದ ಬಳಗಗಳ ಮಾತಿಗೆ ತೂಕ ಹೆಚ್ಚು, ನಮ್ಮ ಬುಧವಾರದ ಬಳಗವೂ ಅಂಥದ್ದೇ ಒಂದು.

ಆ ಬುಧವಾರ ಬೈಯುವ ಪಾತ್ರ ಕುಸುಮೊತೊಗೆ ಬಂತು. ಸಾಕೆ ಮದ್ಯದ ಬಾಟಲಿಗಳನ್ನು ಅಂಗಡಿ ಅಂಗಡಿಗೆ ಹಾಕುವ ವ್ಯಾನಿನ ಚಾಲಕ ಆತ, ಗಂಟಲು ದೊಡ್ಡದು. ನ್ಯಾಯಾಧೀಶೆ, ದಂತವೈದ್ಯರ ಹತ್ತಿರ ಕೆಲಸ ಮಾಡುವ ಸಾನಾಡಾ. ಪರ ವಕೀಲಿಕೆ ಎಗಾವಾ ಎಂಬ ಸಾಧು ಸ್ವಭಾವದವನ ಪಾಲಿಗೆ ಬಂತು.

‘ಕೊನೆ ಮಾತಾಡ್ತಿದೀವಿ, ಮುಗಿಸ್ದೇ ಇರೋರು ಹೊರಗೆ’ ಎಂದಳು ಸಾನಾಡಾ. ಒಬ್ಬ ತನ್ನ ತಟ್ಟೆ ಹಿಡಿದುಕೊಂಡೇ ಬೀದಿಗೆ ನಡೆದ.

ಕುಸುಮೊತೊ ಎದ್ದ. ‘ನಾನು ದುಡ್ಡು ಕೊಟ್ಟು ತಗೊಂಡಿದ್ದು ಗೆಲ್ಲೋಕೆ. ಸೋಲೋದಾದ್ರೆ ನಮ್ಮ ಯಜಮಾನನ ಹತ್ರ ದಿನಾ ಬಿಟ್ಟಿ ಸೋಲ್ತೀನಿ. ಆ ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ಬಾತ್ಕೊಂತು! ಕೆಲಸ ಮಾಡದ ಗುಂಡೀನ ಯಾವ ತಲೆಕೆಟ್ಟವನು ಇಟ್ಟ?’

ಎಲ್ಲರೂ ಚಪ್ಪಾಳೆ ತಟ್ಟಿದರು. ಎಗಾವಾ ಎದ್ದು, ತಲೆ ಬಾಗಿಸಿ, ‘ಕ್ಷಮಿಸಿ, ನನ್ ಕೈಲಾಗಲ್ಲ. ನನಗೂ ಸಿಟ್ಟು ಬಂದಿದೆ’ ಎಂದು ಕೂತುಬಿಟ್ಟ. ನಗುವೋ ನಗು.

‘ಪರ ವಕೀಲರಿಲ್ದೆ ತೀರ್ಪು ಕೊಡೋಕಾಗಲ್ಲ’ ಎಂದಳು ಸಾನಾಡಾ. ‘ಯಾರಾದ್ರೂ ಇದೀರಾ? ಇಲ್ಲ ಅಂದ್ರೆ ಈ ಸಲ ರಿವಾಜು ಬದಿಗಿಟ್ಟು ಎಲ್ಲರೂ ಬೇಡ ಅಂದ್ವಿ ಅಂತ ಕಳಿಸ್ತೀನಿ.’

ತೋಕಿಕೊ ಮಗುಚುಗೋಲು ಕೆಳಗಿಟ್ಟಳು. ‘ನಾನಿದೀನಿ’ ಎಂದಳು.

‘ಅಮ್ಮ, ನೀವಾ? ರೊಟ್ಟಿ ಸೀದು ಹೋಗತ್ತೆ!’ ಎಂದ ಕುಸುಮೊತೊ.

‘ಸೀದಿದ್ದನ್ನ ನಿಂಗೇ ಹಾಕ್ತೀನಿ, ಬಾಯ್ಮುಚ್ಕೊಂಡು ಕೂತ್ಕೊ.’

ಆಕೆ ಕೈ ಒರೆಸಿಕೊಂಡು ಬಂದು ನಿಂತಳು. ಆ ಕೊನೆ ಉಳಿಯಬೇಕೆಂದು ಆಕೆಗೆ ಬಲು ಆಸೆಯಿತ್ತು. ಮೊದಲ ಭಾಗ ಆಕೆಗೆ ನಿದ್ದೆ ಕೊಟ್ಟಿತ್ತು, ಸುಳ್ಳು ನಿದ್ದೆ. ಎರಡನೇ ಭಾಗದ ಆ ತೀರ್ಪಿನ ಮುಂದೆ ಕೂತಾಗ ಮಾತ್ರ, ತನ್ನ ಎದೆಯಲ್ಲಿ ಇದ್ದದ್ದನ್ನು ಬೇರೆ ಯಾರೋ ಬಲ್ಲರು ಎಂದು ಆಕೆಗೆ ಅನ್ನಿಸಿದ್ದು. ಅಂದು ಜೋರಾಗಿ ಅತ್ತಿದ್ದಳು.

‘ಈ ಕೊನೆ ನಿಜ’ ಎಂದಳು. ‘ಅಷ್ಟೇ ನನ್ನ ವಾದ.’

‘ನಿಜ ಅನ್ನೋಕೆ ಸಾಕ್ಷ್ಯ ಎಲ್ಲಿ?’ ಕುಸುಮೊತೊ ಬಿಡಲಿಲ್ಲ. ‘ಕೊಡೆ ಕುಟ್ಟಿಬಿಡ್ತೀನಿ ನೋಡಿ!’

‘ನಾನು ಕೋರ್ಟಲ್ಲಿ ಕೂತಿದ್ದೆ. ಮೇಲ್ಗಡೆ, ನ್ಯಾಯಾಧೀಶರ ಸಾಲಲ್ಲಿ.’

ಸಾನಾಡಾ ಮೆಲ್ಲನೆ, ‘ಅಮ್ಮ, ಯಾವಾಗ?’ ಎಂದಳು.

‘ಎಲ್ಲರೆದುರು ನಡೆದಿದ್ದನ್ನ ಹೇಳ್ಬಹುದು, ಅಷ್ಟು ಹೇಳ್ತೀನಿ. ಆ ಮನುಷ್ಯ ಏನೇ ಕೇಳಿದ್ರೂ ನಾನಲ್ಲ ಅಂತಿದ್ದ. ನಮಗೂ ಪ್ರಶ್ನೆ ಕೇಳೋ ಹಕ್ಕಿತ್ತು. ಬೇರೆಯವರೆಲ್ಲ ದೊಡ್ಡ ದೊಡ್ಡ ಪ್ರಶ್ನೆ ಕೇಳಿದ್ರು. ನಾನು ಅಡಿಗೆಯವಳು, ಆ ಸಂಜೆ ಏನ್ ತಿಂದ್ರಿ ಅಂದೆ. ಏನೂ ತಿಂದಿರಲಿಲ್ಲ ಅಂದ. ತೀರ್ಪು ಓದೋವಾಗ ಅವನು ಓದ್ತಿದ್ದವರನ್ನ ನೋಡ್ಲಿಲ್ಲ, ನನ್ನ ನೋಡಿದ.’

‘ನಿಮಗೇನನ್ನಿಸಿತ್ತು? ಅವನು ಮಾಡಿದ್ನಾ?’ ಎಂದ ಕುಸುಮೊತೊ.

‘ಹೇಳೋ ಹಾಗಿಲ್ಲ.’

‘ನೀವು ಯಾವ ಕಡೆ ಅಂದ್ರಿ?’

‘ಹೇಳೋ ಹಾಗಿಲ್ಲ, ಕುಸುಮೊತೊ. ಕಾನೂನು.’

‘ಮತ್ತೆ ಇದು ವಾದ ಹೇಗಾಗತ್ತೆ ಅಮ್ಮ? ಮುಖ್ಯವಾದ್ದೇ ಹೇಳ್ಲಿಲ್ಲ!’ ಆತ ಗದರಿದ್ದಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದ.

‘ಗುಂಡಿ ಕಾಣ್ತಾ ಇರತ್ತೆ, ಒತ್ತಿದ್ರೆ ಕೆಲಸ ಮಾಡಲ್ಲ. ಅದನ್ನ ದೋಷ ಅಂತೀಯ ನೀನು. ದೋಷ ಅಲ್ಲ ಅಂತ ನಂಗೆ ಗೊತ್ತು. ಇದಕ್ಕಿಂತ ಹೆಚ್ಚಿಗೆ ಹೇಳೋಕೆ ಕಾನೂನು ಬಿಡೋದಿಲ್ಲ’ ಎಂದು ತೋಕಿಕೊ ಕಾವಲಿಯ ಹತ್ತಿರಕ್ಕೆ ಹೋದಳು. ರೊಟ್ಟಿ ಸೀದಿತ್ತು.

ಕೈಯೆತ್ತಿ ಮತ ಹಾಕಿದರು. ಕೆಲವರು ಆಕೆಯ ಕಡೆ ಬಂದರು, ಸಾನಾಡಾ ಬಂದಳು, ಎಗಾವಾ ಸಹ ಬಂದ. ಕುಸುಮೊತೊ ಬರಲಿಲ್ಲ. ಬದಲಿಸಿ ಎಂದವರೇ ಒಬ್ಬರು ಹೆಚ್ಚಾದರು. ಇದನ್ನು ಬರೆಯುವ ನನಗೆ ಇವತ್ತಿಗೂ ಇದು ಸರಿಬಂದಿಲ್ಲ, ಆದರೆ ರಿವಾಜೆಂದರೆ ರಿವಾಜು. ಬಳಗದ ಅಭಿಪ್ರಾಯ ಹಾಗೆಯೇ ಹೋಯಿತು.

ಚಳಿಗಾಲದಲ್ಲಿ ಅಪ್‌ಡೇಟ್ ಬಂತು. ಹೊಸ ಸಾಕ್ಷಿಯೊಬ್ಬಳು ಓಡಿ ಬರುತ್ತಾಳೆ, ಗುಂಡಿ ಒತ್ತಿದರೆ ಕೊಡೆ ಗುಡುಗುತ್ತದೆ, ನಿರಪರಾಧಿ ಬಿಡುಗಡೆ. ಜನ ಹೊಗಳಿದ್ದೇ ಹೊಗಳಿದ್ದು. ತೋಕಿಕೊ ಮಾತ್ರ ಅದು ಒಳಗೆ ಬರುವ ಮುಂಚೆಯೇ ತನ್ನ ಗೇಮ್ ಯಂತ್ರದ ಇಂಟರ್‌ನೆಟ್ ತಂತಿಯನ್ನು ಕಿತ್ತಿಟ್ಟಿದ್ದಳು.

ಒಂದು ಬೆಳಿಗ್ಗೆ ಕುಸುಮೊತೊ ಬಾಟಲಿಗಳ ಪೆಟ್ಟಿಗೆ ಇಳಿಸಿ, ಹೋಗದೆ ಅಲ್ಲೇ ನಿಂತ.

‘ಅಮ್ಮ, ನಿಮ್ಮದರಲ್ಲಿ ಹಳೇ ಕೊನೆ ಇದೆಯಲ್ಲ? ನಂದು ಬದಲಾಗೋಗಿದೆ. ಒಂದ್ಸಲ ನೋಡ್ಲಾ?’

‘ಗೆದ್ದು ಗೆದ್ದು ಬೇಜಾರಾಯ್ತಾ?’ ಎಂದಳು ಆಕೆ. ಎಂದರೂ ಟಿವಿ ಹಾಕಿದಳು.

ಆತ ಆಡಿದ. ತೀರ್ಪು ಬಂತು. ಗುಂಡಿ ಕಾಣಿಸಿತು. ಈ ಸಲ ಒತ್ತಲಿಲ್ಲ, ಕೈ ಮಡಿಲಲ್ಲಿಟ್ಟುಕೊಂಡು ಕಡೆಯವರೆಗೂ ಕೇಳಿದ. ತೋಕಿಕೊ ಕೋಸು ಹೆಚ್ಚುವುದನ್ನು ನಿಲ್ಲಿಸಿದ್ದಳು.

‘ಆ ಮನುಷ್ಯ ಈಗೆಲ್ಲಿದಾನೆ ಅಮ್ಮ?’

‘ಶಿಕ್ಷೆ ಮುಗಿದಿದೆ. ಈ ವರ್ಷ ಹೊರಗೆ ಬಂದಿರ್ಬೇಕು.’

‘ಒಂದಿನ ಎದುರಿಗೆ ಸಿಕ್ಕಿ, ಆವತ್ತು ನೀವೇನಂದ್ರಿ ಅಂತ ಅವನೇ ಕೇಳಿದ್ರೆ?’

ತೋಕಿಕೊ ಆತನನ್ನು ನೋಡಿದಳು. ‘ಅವನಿಗೂ ಹೇಳೋ ಹಾಗಿಲ್ಲಪ್ಪ’ ಎಂದಳು.